ಎಳೆ ಹರಿದಲ್ಲಿ ಮಗ್ಗ ನಿಲ್ಲಿಸುವ ಅಧಿಕಾರ

ನಾಯಕತ್ವವು ಸಂಸ್ಥೆಯ ತುದಿಯಲ್ಲಿ ಕುಳಿತವರಿಗೆ ಮಾತ್ರ ಸೇರಿದ ಗುಣವೆಂಬ ಭಾವನೆ ಬಹುಕಾಲದಿಂದ ರೂಢಿಯಲ್ಲಿದ್ದರೂ, ಕೆಲಸ ನಿಜವಾಗಿ ನಡೆಯುವ ಜಾಗದಲ್ಲಿ ದಿನವಿಡೀ ಕೈಗೊಳ್ಳಬೇಕಾಗುವ ಸಣ್ಣ ಸಣ್ಣ ತೀರ್ಮಾನಗಳನ್ನು ಗಮನಿಸಿದರೆ ಅದು ಅರ್ಧಸತ್ಯವೆಂಬುದು ತಿಳಿಯುತ್ತದೆ. ಯಾವ ನೂಲು ಬಲಹೀನವಾಗಿದೆ, ಯಾವ ಹೊಲದ ಕಬ್ಬು ಇನ್ನು ನಾಲ್ಕು ದಿನ ಕಾದರೆ ಒಣಗುತ್ತದೆ, ಯಾವ ಯಂತ್ರದ ಸದ್ದು ನಿನ್ನೆಯಂತಿಲ್ಲ ಎಂಬುದು ಮೊದಲು ಗೊತ್ತಾಗುವುದು ಕಚೇರಿಯಲ್ಲಿರುವವರಿಗಲ್ಲ, ಅವುಗಳನ್ನು ಮುಟ್ಟಿ ಕೆಲಸ ಮಾಡುವವರಿಗೆ. ಈ ಅರಿವು ಯಾರದೇ ಆಗಿರಲಿ, ಆ ವ್ಯಕ್ತಿ ಹೆಣ್ಣಾಗಿರಲಿ ಗಂಡಾಗಿರಲಿ, ಕಾಯಂ ಕೆಲಸಗಾರನಾಗಿರಲಿ ದಿನಗೂಲಿಯಾಗಿರಲಿ, ಜಾತಿ ಯಾವುದೇ ಆಗಿರಲಿ, ಅದು ತೀರ್ಮಾನದೊಳಗೆ ಬಂದು ಸೇರುವಂತೆ ನೋಡಿಕೊಳ್ಳುವ ನಡೆಯನ್ನು ನಿರ್ವಹಣಾ ಶಾಸ್ತ್ರವು ‘ಎಲ್ಲರನ್ನೂ ಒಳಗೊಳ್ಳುವ ನಾಯಕತ್ವ’ ಎಂದು ಕರೆಯುತ್ತದೆ. ಈ ಪದವನ್ನು ಔದಾರ್ಯ ಎಂಬರ್ಥದಲ್ಲಿ ತೆಗೆದುಕೊಳ್ಳುವವರು ಹಲವರಿದ್ದಾರೆ. ಆದರೆ ಮೇಲಿನವರು ಕೆಳಗಿನವರನ್ನು ಪ್ರೀತಿಯಿಂದ ಮಾತನಾಡಿಸುವುದು ಒಂದು ಸಂಗತಿ, ಕೆಳಗಿನವರ ಮಾತಿಗೆ ಕೆಲಸವನ್ನು ತಡೆಯುವ, ತಿದ್ದುವ, ಬದಲಿಸುವ ಬಲವಿರುವುದು ಬೇರೆಯೇ ಸಂಗತಿ. ಇಲ್ಲಿ ಚರ್ಚಿಸಬೇಕಾದುದು ಎರಡನೆಯದು.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕೆಲಸದ ಜಾಗವೆಂದರೆ ನಿರ್ವಹಣಾ ಗ್ರಂಥಗಳು ಕಲ್ಪಿಸಿಕೊಳ್ಳುವ ಬಹುಮಹಡಿ ಕಚೇರಿಯಲ್ಲ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರುಂಡ ಕಬ್ಬಿನ ಹೊಲ, ಆ ಕಬ್ಬನ್ನು ನುರಿಸುವ ಸಕ್ಕರೆ ಕಾರ್ಖಾನೆ, ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸುವ ಗಾಣದ ಮನೆ, ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಖಟಪಟ ಸದ್ದು ಮಾಡುವ ವಿದ್ಯುತ್ ಮಗ್ಗದ ಶೆಡ್ಡು, ಮನೆಯೊಳಗಿನ ಕೈಮಗ್ಗ, ಸಹಕಾರಿ ಸಂಘದ ಕಚೇರಿ, ಗ್ರಾಮ ಪಂಚಾಯಿತಿ, ಇವೆಲ್ಲವೂ ಕೆಲಸದ ಜಾಗಗಳೇ. ಇವುಗಳಲ್ಲಿ ಬಹಳಷ್ಟಕ್ಕೆ ಸಿಬ್ಬಂದಿ ವಿಭಾಗವಾಗಲಿ ಬರೆದಿಟ್ಟ ಹುದ್ದೆಯ ಏಣಿಯಾಗಲಿ ಇಲ್ಲ. ಆದರೂ ಏಣಿ ಇದ್ದೇ ಇದೆ. ‘ಸಾವಕಾರ್ರು ಹೇಳ್ಯಾರ’ ಎಂಬ ಒಂದು ಮಾತು ಶೆಡ್ಡಿನಲ್ಲಿ ಎಲ್ಲ ಪ್ರಶ್ನೆಗಳನ್ನೂ ಮುಗಿಸಿಬಿಡಬಲ್ಲದು ಎಂದಾದರೆ, ಬರೆಯದ ಏಣಿಯು ಬರೆದ ಏಣಿಗಿಂತ ಗಟ್ಟಿಯಾದುದೆಂದೇ ಅರ್ಥ.

ಮಗ್ಗದ ಶೆಡ್ಡನ್ನೇ ಮೊದಲು ನೋಡಬಹುದು. ಒಂದು ಸೀರೆ ಮಗ್ಗದಿಂದ ಇಳಿಯುವ ಮೊದಲು ನೂಲಿಗೆ ಬಣ್ಣ ಹಾಕಬೇಕು, ಹಾಸು ಹೂಡಬೇಕು, ಹೊಸ ಹಾಸಿನ ಎಳೆಗಳನ್ನು ಹಳೆಯ ಹಾಸಿನ ತುದಿಗಳಿಗೆ ಒಂದೊಂದಾಗಿ ಕೂಡಿಸಿ ಕೆಚ್ಚಬೇಕು, ಹೊಕ್ಕಿನ ನೂಲನ್ನು ಕಂಡಿಕೆಗಳಿಗೆ ಸುತ್ತಬೇಕು. ಹಾಸು ಎಂದರೆ ಮಗ್ಗದ ಉದ್ದಕ್ಕೆ ಬಿಗಿದು ನಿಲ್ಲುವ ಎಳೆಗಳು, ಹೊಕ್ಕು ಎಂದರೆ ಅವುಗಳ ನಡುವೆ ಅಡ್ಡಲಾಗಿ ಹಾಯುವ ಎಳೆ, ಕಂಡಿಕೆ ಎಂದರೆ ಆ ಹೊಕ್ಕಿನ ನೂಲನ್ನು ಸುತ್ತಿಕೊಂಡು ಲಾಳಿಯ ಹೊಟ್ಟೆಯಲ್ಲಿ ಕೂರುವ ಸಣ್ಣ ಕೊಳವೆ. ನೇಯುವವನ ಕೈಗೆ ಕೆಲಸ ಬರುವ ಮುನ್ನವೇ ಇಷ್ಟು ಕೈಗಳು ಅದನ್ನು ಮುಟ್ಟಿರುತ್ತವೆ, ಮತ್ತು ಅವುಗಳಲ್ಲಿ ಬಹುಪಾಲು ಹೆಂಗಸರ ಕೈಗಳು, ಹಲವೆಡೆ ವಯಸ್ಸಾದವರ ಕೈಗಳು. ಕಂಡಿಕೆ ಸುತ್ತುವವರಿಗೆ ಒಂದು ವಿಶೇಷ ಅರಿವಿದೆ: ಒಂದು ಗಂಟಿನ ನೂಲು ಸುತ್ತುವಾಗಲೇ ಮತ್ತೆ ಮತ್ತೆ ಹರಿದರೆ ಅದು ಮಗ್ಗದಲ್ಲೂ ಹರಿಯುತ್ತದೆಂದು ಅವರಿಗೆ ಬೆರಳಿನಲ್ಲೇ ತಿಳಿಯುತ್ತದೆ. ಹಾಗೆಯೇ ಕಂಡಿಕೆ ಸಡಿಲವಾಗಿ ಸುತ್ತಲ್ಪಟ್ಟಿದ್ದರೆ ಲಾಳಿ ಓಡುವಾಗ ಸುರುಳಿಗಳು ಜಾರಿ ಬಟ್ಟೆಯಲ್ಲಿ ಗಂಟು ಕಾಣಿಸಿಕೊಳ್ಳುತ್ತದೆ. ಈ ದೋಷಕ್ಕೆ ಮಜೂರಿ ಕಡಿತವಾಗುವುದು ನೇಕಾರನಿಗೆ, ಬೈಗುಳ ತಲುಪುವುದು ಕೊನೆಗೆ ಕಂಡಿಕೆ ಸುತ್ತಿದವರಿಗೆ, ನೂಲನ್ನು ಆರಿಸಿ ತರುವ ನಿರ್ಧಾರವಾದರೋ ಇವರಿಬ್ಬರನ್ನೂ ಕೇಳದೆ ಇನ್ನೆಲ್ಲೋ ಆಗಿರುತ್ತದೆ. ಅರಿವು ಕೆಳಗಿದೆ, ತೀರ್ಮಾನ ಮೇಲಿದೆ, ನಡುವೆ ದಾರಿಯಿಲ್ಲ. ಒಳಗೊಳ್ಳದ ನಾಯಕತ್ವದ ನಷ್ಟವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ದೇಶದ ನಾಲ್ಕನೆಯ ಕೈಮಗ್ಗ ಗಣತಿಯು, ಅಂದರೆ 2019-20ರ ಗಣತಿಯು, ನೇಕಾರರು ಮತ್ತು ನೇಯ್ಗೆಯ ಪೂರಕ ಕೆಲಸಗಾರರನ್ನು ಒಟ್ಟಾಗಿ ಸುಮಾರು 35 ಲಕ್ಷವೆಂದು ಲೆಕ್ಕ ಹಾಕಿ, ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಮಹಿಳೆಯರೆಂದು ಹೇಳಿತು. ಈ ಪ್ರಮಾಣದಲ್ಲಿ ದೇಶದ ಈಶಾನ್ಯ ರಾಜ್ಯಗಳ ಪಾಲು ಹೆಚ್ಚಿರುವುದರಿಂದ ಅದನ್ನು ಯಾವುದೇ ಒಂದು ಊರಿಗೆ ನೇರವಾಗಿ ಅನ್ವಯಿಸುವುದು ಸರಿಯಾಗದು. ಆದರೂ ಅದು ಎಬ್ಬಿಸುವ ಪ್ರಶ್ನೆ ಎಲ್ಲ ಊರುಗಳಿಗೂ ಸಲ್ಲುತ್ತದೆ. ಮನೆಯ ಮಗ್ಗದಲ್ಲಿ ಗಂಡ ನೇಯುವಾಗ ಹೆಂಡತಿ ಸುತ್ತುವ ಕಂಡಿಕೆಗೆ ಬೇರೆ ಮಜೂರಿಯ ಲೆಕ್ಕವಿಲ್ಲದಿದ್ದರೆ, ಸಂಘದ ಸದಸ್ಯತ್ವ ಗಂಡನ ಹೆಸರಿನಲ್ಲಷ್ಟೇ ಇದ್ದರೆ, ಆಕೆ ಕೆಲಸಗಾರ್ತಿಯಾಗಿ ಅಲ್ಲ, ‘ಮನೆಯವರಿಗೆ ಕೈಗೂಡಿಸುವವಳು’ ಆಗಿ ಮಾತ್ರ ಕಾಣುತ್ತಾಳೆ. ಕೆಲಸಗಾರ್ತಿಯೆಂದೇ ಎಣಿಕೆಗೆ ಬಾರದವಳನ್ನು ನಾಯಕತ್ವದೊಳಗೆ ಸೇರಿಸಿಕೊಳ್ಳುವ ಮಾತು ಗಾಳಿಮಾತಾಗುತ್ತದೆ.

ಜಗತ್ತಿನ ಕೈಗಾರಿಕಾ ಚಿಂತನೆಯಲ್ಲಿ ಈ ಸಮಸ್ಯೆಗೆ ದೊರೆತ ಅತ್ಯಂತ ಪ್ರಸಿದ್ಧ ಉತ್ತರವೂ ಮಗ್ಗದಿಂದಲೇ ಹುಟ್ಟಿತೆಂಬುದು ನೇಕಾರರ ಊರಿನವರು ಅಭಿಮಾನದಿಂದ ನೆನೆಯಬಹುದಾದ ಸಂಗತಿ. ಜಪಾನಿನ ಬಡಗಿಯೊಬ್ಬನ ಮಗನಾದ ಸಾಕಿಚಿ ಟೊಯೊಡಾ ಮಗ್ಗಗಳನ್ನು ಸುಧಾರಿಸುವುದರಲ್ಲಿ ಜೀವಮಾನ ಕಳೆದವನು. ಅವನ ಸಂಸ್ಥೆ 1924ರಲ್ಲಿ ಪೂರ್ಣಗೊಳಿಸಿದ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗವು ಓಡುತ್ತಿರುವಾಗಲೇ ಲಾಳಿಯನ್ನು ಬದಲಿಸಿಕೊಳ್ಳುತ್ತಿತ್ತು, ಎಳೆ ಹರಿದರೆ ತಾನೇ ನಿಂತುಬಿಡುತ್ತಿತ್ತು. ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1929ರಲ್ಲಿ ಈ ಮಗ್ಗದ ಪೇಟೆಂಟ್ ಹಕ್ಕುಗಳಿಗಾಗಿ ಒಪ್ಪಂದ ಮಾಡಿಕೊಂಡಿತು. ಮುಂದೆ ಟೊಯೊಡಾ ಮನೆತನ ಕಾರು ತಯಾರಿಕೆಗೆ ಇಳಿದಾಗ, ದೋಷ ಕಂಡೊಡನೆ ಕೆಲಸ ನಿಲ್ಲಬೇಕೆಂಬ ಮಗ್ಗದ ತತ್ವವು ಮನುಷ್ಯರಿಗೂ ವಿಸ್ತರಿಸಿತು. ಟೊಯೊಟಾ ಕಾರ್ಖಾನೆಯ ಜೋಡಣೆಯ ಸಾಲಿನಲ್ಲಿ ದುಡಿಯುವ ಯಾವ ಕೆಲಸಗಾರನೇ ಆಗಲಿ ತೊಡಕು ಕಂಡರೆ ತಲೆಯ ಮೇಲಿನ ಹಗ್ಗವನ್ನು ಜಗ್ಗಿ ಮೇಲ್ವಿಚಾರಕನನ್ನು ಕರೆಯಬಹುದು, ಅಷ್ಟರಲ್ಲಿ ತೊಡಕು ಪರಿಹಾರವಾಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಅತಿ ಕೆಳಗಿನ ಹುದ್ದೆಯವನಿಗೆ ಅತಿ ದುಬಾರಿಯಾದ ತೀರ್ಮಾನದ ಅಧಿಕಾರವನ್ನು ಕೊಟ್ಟಿರುವುದೇ ಈ ವ್ಯವಸ್ಥೆಯ ತಿರುಳು.

ಇದೇ ತತ್ವವನ್ನು ಸ್ಥಳೀಯ ಶೆಡ್ಡಿಗೆ ತಂದು ನೋಡಿದಾಗ ಹಗ್ಗ ಕಟ್ಟಿದರಷ್ಟೇ ಸಾಲದೆಂಬುದು ಗೊತ್ತಾಗುತ್ತದೆ. ಮಗ್ಗದ ನೇಕಾರನಿಗೆ ಮಜೂರಿ ಸಿಗುವುದು ನೇಯ್ದ ಸೀರೆಯ ಲೆಕ್ಕದಲ್ಲಿ, ಒಬ್ಬನೇ ಒಂದಕ್ಕಿಂತ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳುವುದು ರೂಢಿ. ಮಗ್ಗ ನಿಂತ ಪ್ರತಿ ನಿಮಿಷವೂ ಅವನದೇ ನಷ್ಟ. ಅದರ ಮೇಲೆ ಮಾಲೀಕನಿಂದ ಪಡೆದ ಮುಂಗಡದ ಬಾಕಿ ಇದ್ದರೆ, ‘ಈ ನೂಲು ಸರಿಯಿಲ್ಲ, ಬದಲಿಸಿ’ ಎನ್ನುವ ಮಾತು ಗಂಟಲಲ್ಲೇ ಉಳಿಯುತ್ತದೆ. ಆದ್ದರಿಂದ ಒಳಗೊಳ್ಳುವಿಕೆಯು ಸಭ್ಯತೆಯ ಪ್ರಶ್ನೆಯಾಗುವುದಕ್ಕಿಂತ ಮೊದಲು ಲೆಕ್ಕದ ಪ್ರಶ್ನೆಯಾಗುತ್ತದೆ: ದೋಷವನ್ನು ತೋರಿಸಿಕೊಟ್ಟವರು ಆ ಹೊತ್ತಿನ ಮಜೂರಿಯನ್ನು ಕಳೆದುಕೊಳ್ಳಬಾರದು ಎಂಬ ಒಂದು ಕಟ್ಟಳೆಯಿಲ್ಲದೆ ಮಾತನಾಡಲು ಎಷ್ಟು ಆಹ್ವಾನವಿತ್ತರೂ ಯಾರೂ ಮಾತನಾಡುವುದಿಲ್ಲ. ಇದನ್ನು ಒಪ್ಪಿಕೊಳ್ಳದ ನಾಯಕತ್ವದ ತರಬೇತಿಗಳು ಶಿಬಿರದ ಊಟದೊಂದಿಗೇ ಮುಗಿದುಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಭಯವಿಲ್ಲದೆ ಪ್ರಶ್ನೆ ಕೇಳಬಹುದು, ತಪ್ಪು ಒಪ್ಪಿಕೊಳ್ಳಬಹುದು, ಬೇರೆ ಅಭಿಪ್ರಾಯ ಹೇಳಬಹುದು ಎಂಬ ನಂಬಿಕೆ ಒಂದು ತಂಡದಲ್ಲಿ ಹಂಚಿಕೆಯಾಗಿರುವುದನ್ನು ಅಮೆರಿಕದ ವಿದ್ವಾಂಸೆ ಏಮಿ ಎಡ್ಮಂಡ್‌ಸನ್ 1999ರ ತಮ್ಮ ಅಧ್ಯಯನದಲ್ಲಿ ‘ಮಾನಸಿಕ ಸುರಕ್ಷತೆ’ ಎಂದು ಹೆಸರಿಸಿ ವಿವರಿಸಿದರು. 2006ರಲ್ಲಿ ಅವರು ಇಂಗ್ರಿಡ್ ನೆಂಬ್‌ಹಾರ್ಡ್ ಅವರೊಂದಿಗೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳನ್ನು ಅಭ್ಯಸಿಸಿ ಪ್ರಕಟಿಸಿದ ಪ್ರಬಂಧವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವೈದ್ಯರಿಗೆ ಹೋಲಿಸಿದರೆ ಕೆಳಗಿನ ಸ್ಥಾನದ ಸಿಬ್ಬಂದಿಗೆ ಈ ಸುರಕ್ಷತೆಯ ಭಾವ ಕಡಿಮೆಯಿರುತ್ತದೆ, ಆದರೆ ಮುಖ್ಯಸ್ಥರು ಮಾತಿನಿಂದಲೂ ನಡೆಯಿಂದಲೂ ಇತರರ ಅಭಿಪ್ರಾಯವನ್ನು ಕೇಳಿ ಪಡೆಯುವ ಘಟಕಗಳಲ್ಲಿ ಆ ಅಂತರ ಕುಗ್ಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಗಮನಿಸಬೇಕಾದ ಮಾತೆಂದರೆ, ಇಲ್ಲಿ ಮುಖ್ಯಸ್ಥರೆಂದರೆ ಆಸ್ಪತ್ರೆಯ ಆಡಳಿತ ಮಂಡಳಿಯಲ್ಲ, ದಿನವೂ ಜೊತೆಗೆ ನಿಂತು ಕೆಲಸ ಮಾಡುವ ಘಟಕದ ವೈದ್ಯರು. ಒಳಗೊಳ್ಳುವಿಕೆ ಬೆಳೆಯುವುದೂ ಸಾಯುವುದೂ ನಡುಹಂತದಲ್ಲಿ.

ಕಬ್ಬಿನ ಸೀಮೆಯಲ್ಲಿ ಈ ನಡುಹಂತಕ್ಕೆ ಮುಕಾದಮನೆಂದು ಹೆಸರು. ಕಟಾವಿನ ಗ್ಯಾಂಗನ್ನು ಕೂಡಿಸುವವನು, ಮುಂಗಡವನ್ನು ಪಡೆದು ಹಂಚುವವನು, ಯಾರು ಎಲ್ಲಿ ಕಡಿಯಬೇಕೆಂದು ಹೇಳುವವನು ಅವನೇ. ಅವನಿಗೆ ಮೇಲೆ ಕಾರ್ಖಾನೆಯ ಫೀಲ್ಡ್‌ಮನ್, ಅವನ ಕೆಳಗೆ ಗಂಡಹೆಂಡಿರ ಜೋಡಿಗಳು. ಟನ್ನಿನ ಲೆಕ್ಕದ ಕೂಲಿಯನ್ನು ಜೋಡಿಗೆ ಒಟ್ಟಾಗಿ ಕೊಡುವ ಕಡೆಗಳಲ್ಲಿ ಕಡಿದ ಕಬ್ಬನ್ನು ಸಿವುಡು ಕಟ್ಟಿ ತಲೆಯ ಮೇಲೆ ಹೊತ್ತು ಗಾಡಿಗೇರಿಸುವ ಹೆಂಗಸಿನ ದುಡಿಮೆ ಗಂಡನ ಹೆಸರಿನಲ್ಲಿ ಕರಗಿಹೋಗುತ್ತದೆ. ಇಲ್ಲಿಯೂ ಅರಿವಿನ ಮಾತು ಬರುತ್ತದೆ. ಕಬ್ಬಿನ ಬುಡದ ಗಣಿಕೆಗಳಲ್ಲಿಯೇ ಸಕ್ಕರೆಯ ಅಂಶ ಹೆಚ್ಚಿರುವುದರಿಂದ ನೆಲಮಟ್ಟಕ್ಕೆ ಕಡಿಯುವುದು ರೈತನಿಗೂ ಕಾರ್ಖಾನೆಗೂ ಲಾಭ, ಕಡಿದ ಮೇಲೆ ಹೊತ್ತು ಕಳೆದಷ್ಟೂ ಸಕ್ಕರೆ ಇಳಿಯುವುದರಿಂದ ಗಾಡಿ ಬರುವ ವೇಳೆಗೆ ಹೊಂದಿಸಿ ಕಡಿಯುವುದು ಇನ್ನೂ ದೊಡ್ಡ ಲಾಭ. ಇವೆರಡೂ ಕಡಿಯುವವರ ಕೈಯಲ್ಲಿವೆ. ಹೀಗಿದ್ದೂ ಗಾಡಿ ತಡವಾದರೆ ಕಡಿತ ನಿಲ್ಲಿಸಬೇಕೆ ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಅವರಿಗಿಲ್ಲ. ಮುಕಾದಮನನ್ನು ದೂರುವುದು ಸುಲಭ. ಅವನೂ ಮೇಲಿನ ಒತ್ತಡ ಮತ್ತು ಕೆಳಗಿನ ಬಾಕಿಯ ನಡುವೆ ಸಿಕ್ಕವನೇ ಆಗಿರುತ್ತಾನೆಂಬುದನ್ನು ಮರೆಯಬಾರದು. ಕಾರ್ಖಾನೆಗಳು ಕಾಯಂ ನೌಕರರಿಗೆ ತರಬೇತಿ ಕೊಡುವಾಗ ಈ ನಡುಹಂತದವರನ್ನು ‘ಹೊರಗಿನವರು’ ಎಂದು ಬಿಟ್ಟುಬಿಟ್ಟರೆ, ಸಾವಿರಾರು ಜನರ ದಿನನಿತ್ಯದ ಮೇಲ್ವಿಚಾರಣೆಯು ಯಾವ ಶಿಕ್ಷಣವನ್ನೂ ಪಡೆಯದವರ ಕೈಯಲ್ಲಿ ಉಳಿಯುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೇ ನೂರು ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಕೂಡಿದ ಕಾರ್ಯ ಸಮಿತಿಯ ಕಲ್ಪನೆಯನ್ನು ತಂದಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಉದ್ಯಮಗಳಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆಂದು ಹೇಳಿ, ಎರಡೂ ಪಕ್ಷಗಳಿಗೆ ಸಮ ಸ್ಥಾನ, ಮಹಿಳಾ ಕಾರ್ಮಿಕರ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ, ವರ್ಷಕ್ಕೊಮ್ಮೆ ಪಕ್ಷದಿಂದ ಪಕ್ಷಕ್ಕೆ ಸರದಿಯಂತೆ ಬದಲಾಗುವ ಅಧ್ಯಕ್ಷತೆ ಇವುಗಳನ್ನು ವಿಧಿಸುತ್ತದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯು ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಮಹಿಳೆಯೇ ಅಧ್ಯಕ್ಷರಾಗಿರುವ ಆಂತರಿಕ ಸಮಿತಿಯನ್ನು ಕಡ್ಡಾಯಗೊಳಿಸಿದೆ. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿನ ದೂರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯೇ ಗತಿ. ನಾಲ್ಕಾರು ಮಗ್ಗಗಳ ಶೆಡ್ಡಿನಲ್ಲಿ ಕಂಡಿಕೆ ಸುತ್ತುವ ಹೆಣ್ಣುಮಗಳು ಜಿಲ್ಲಾ ಕೇಂದ್ರದವರೆಗೆ ಹೋಗಿ ದೂರು ಕೊಡುವಳೆಂದು ನಿರೀಕ್ಷಿಸುವುದು ಕಷ್ಟ. ಕಾನೂನಿನ ಅಂಕಿಯು ಇಪ್ಪತ್ತರಲ್ಲೋ ಹತ್ತರಲ್ಲೋ ನಿಲ್ಲುವಾಗ, ಇಲ್ಲಿನ ಕೆಲಸದ ಜಾಗಗಳು ಬಹುಮಟ್ಟಿಗೆ ಆ ಗೆರೆಯ ಕೆಳಗೇ ಉಳಿಯುತ್ತವೆ.

ಹಾಗೆ ಉಳಿದವರಿಗೆ ಈ ಸೀಮೆ ಕಂಡುಕೊಂಡ ದಾರಿ ಸಂಘ. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲೊಂದು. ಪಾಲುದಾರನಿಗೆ ಪಾಲು ಎಷ್ಟೇ ಇರಲಿ, ಮತ ಒಂದೇ ಎಂಬ ಸಹಕಾರದ ಮೂಲತತ್ವವು ಒಳಗೊಳ್ಳುವ ನಾಯಕತ್ವಕ್ಕೆ ಹೇಳಿ ಮಾಡಿಸಿದ ನೆಲೆ. ಅದಕ್ಕೂ ಹಿಂದೆ, 12ನೆಯ ಶತಮಾನದ ಶರಣರು ಕಾಯಕಕ್ಕೆ ಮೇಲುಕೀಳಿಲ್ಲವೆಂದಾಗ ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ, ಅಕ್ಕಿ ಆಯುವವಳು ತಂತಮ್ಮ ಕಾಯಕದ ಹೆಸರಿನಿಂದಲೇ ಗುರುತಾಗಿ ಮಾತನಾಡಿದರು. ನೇಕಾರರು ತಮ್ಮ ಹಿರಿಯನೆಂದು ಗೌರವಿಸುವ ದೇವರ ದಾಸಿಮಯ್ಯನೂ ಮಗ್ಗದ ಕಾಯಕದವನೇ. ಈ ಪರಂಪರೆಯನ್ನು ಜಯಂತಿಯ ಭಾಷಣಗಳಲ್ಲಿ ಸ್ಮರಿಸುವ ಊರುಗಳು ಅದನ್ನು ಸಂಘದ ಆಡಳಿತ ಮಂಡಳಿಯ ಸಭೆಯಲ್ಲಿಯೂ ಸ್ಮರಿಸಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಾಗದು.

2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೆಯ ತಿದ್ದುಪಡಿಯು ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಗರಿಷ್ಠ 21 ನಿರ್ದೇಶಕರಿರಬೇಕೆಂದೂ, ಅವರಲ್ಲಿ ಎರಡು ಸ್ಥಾನ ಮಹಿಳೆಯರಿಗೆ, ಒಂದು ಸ್ಥಾನ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮೀಸಲಿರಬೇಕೆಂದೂ ಹೇಳಿತ್ತು. ರಾಜ್ಯಗಳ ವ್ಯಾಪ್ತಿಯ ಸಂಘಗಳಿಗೆ ಆ ಭಾಗವು ಅನ್ವಯವಾಗದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪಿತ್ತಿತು, ಸಹಕಾರವು ರಾಜ್ಯಗಳ ವಿಷಯವಾದ್ದರಿಂದ ರಾಜ್ಯಗಳ ಅನುಮೋದನೆಯೂ ಬೇಕಿತ್ತೆಂಬುದು ಅದಕ್ಕೆ ಕಾರಣ. ಪಂಚಾಯಿತಿಗಳಲ್ಲಿ ಕರ್ನಾಟಕ ಇದಕ್ಕಿಂತ ಬಹು ಮುಂದೆ ನಡೆದಿದೆ. ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ನಾಲ್ಕನೆಯ ಒಂದು ಭಾಗದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಇಂಥ ಮೀಸಲಾತಿಯನ್ನು ದೇಶದ ಪಂಚಾಯಿತಿಗಳಿಗೆಲ್ಲ ತಂದ ಸಂವಿಧಾನದ 73ನೆಯ ತಿದ್ದುಪಡಿ ಬರುವುದಕ್ಕೆ ಐದಾರು ವರ್ಷ ಮೊದಲಿನ ಮಾತಿದು. ರಾಜ್ಯದ ಕಾನೂನಿಗೆ 2010ರಲ್ಲಿ ಬಂದ ತಿದ್ದುಪಡಿ ಮಹಿಳೆಯರ ಪಾಲನ್ನು ಅರ್ಧಕ್ಕೇರಿಸಿತು. ಈ ಅನುಭವ ಎರಡು ಪಾಠಗಳನ್ನು ಒಟ್ಟಿಗೆ ಕಲಿಸಿದೆ. ಕುರ್ಚಿ ಮೀಸಲಾಗದಿದ್ದರೆ ಬಹುತೇಕ ಹೆಂಗಸರು ಆ ಕೋಣೆಯೊಳಗೇ ಬರುತ್ತಿರಲಿಲ್ಲ. ಕುರ್ಚಿ ಮೀಸಲಾದ ಮೇಲೂ ಅಧ್ಯಕ್ಷೆಯ ಪರವಾಗಿ ಗಂಡನೇ ಕಡತ ತಿರುವುವ ರೂಢಿ ಹಲವೆಡೆ ಉಳಿಯಿತು. ಸಭೆಯ ವಿಷಯಪಟ್ಟಿ ಮೊದಲೇ ಕೈಸೇರುವುದು, ಲೆಕ್ಕಪತ್ರವನ್ನು ಓದಿ ಹೇಳಿಸಿಕೊಳ್ಳುವುದು, ಠರಾವು ಬರೆಯುವ ಮುನ್ನ ತನ್ನ ಮಾತು ದಾಖಲಾಗುವುದು, ಈ ಮೂರು ಸಣ್ಣ ಏರ್ಪಾಡುಗಳಿಲ್ಲದೆ ಪ್ರಾತಿನಿಧ್ಯವು ಸಹಿಗೆ ಮಾತ್ರ ಸೀಮಿತವಾಗುತ್ತದೆ.

ಸಹಿಯಿಂದ ಮಾತಿಗೆ ಸಾಗುವ ಅಭ್ಯಾಸ ಎಲ್ಲಿ ಬೆಳೆಯುತ್ತದೆಂಬ ಪ್ರಶ್ನೆಗೆ ಉತ್ತರ ಅನೇಕ ವೇಳೆ ಸ್ವಸಹಾಯ ಸಂಘ. ಕರ್ನಾಟಕ ಸರ್ಕಾರ 2000-01ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳಲ್ಲಿ ಹದಿನೈದು ಇಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಕೂಡಿ, ಉಳಿತಾಯ ಕಟ್ಟಿ, ಸಾಲ ಯಾರಿಗೆ ಮೊದಲು ಎಂದು ಎದುರುಬದುರು ಕುಳಿತು ತೀರ್ಮಾನಿಸುತ್ತಾರೆ. ಗುಂಪಿನ ಪ್ರತಿನಿಧಿಗಳು ಅವಧಿಗೊಮ್ಮೆ ಬದಲಾಗಬೇಕೆಂಬ ನಿಯಮ ಚೆನ್ನಾಗಿ ಪಾಲನೆಯಾದ ಕಡೆಗಳಲ್ಲಿ, ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಹೆಂಗಸು ಒಂದು ಸರದಿಯ ನಂತರ ಮ್ಯಾನೇಜರರನ್ನು ಪ್ರಶ್ನಿಸಬಲ್ಲವಳಾಗುತ್ತಾಳೆ. ನಾಯಕತ್ವವನ್ನು ಪಾಠದಿಂದಲ್ಲ, ಸರದಿಯಿಂದ ಕಲಿಸುವ ಈ ಕ್ರಮ ಎಷ್ಟು ಅಗ್ಗವೋ ಅಷ್ಟು ಪರಿಣಾಮಕಾರಿ. ಕಾರ್ಖಾನೆಗಳೂ ಸಹಕಾರಿ ಸಂಘಗಳೂ ಇದನ್ನು ತಮಗಿಂತ ಕೆಳಗಿನ ಪ್ರಯೋಗವೆಂದು ಭಾವಿಸಿ ದೂರವಿಟ್ಟಿರುವುದು ದುರ್ದೈವದ ಸಂಗತಿ.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಗೆ ಅಡ್ಡಲಾಗಿ 1989ರಲ್ಲಿ ಎದ್ದುನಿಂತ ಬ್ಯಾರೇಜನ್ನು ಈ ಚರ್ಚೆಯಲ್ಲಿ ಬಿಟ್ಟುಬಿಡಲಾಗದು. ಸರ್ಕಾರಕ್ಕಾಗಿ ಕಾಯದೆ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ ಕಟ್ಟಿದ ಅದಕ್ಕೆ ‘ಶ್ರಮಬಿಂದು ಸಾಗರ’ ಎಂದೇ ಹೆಸರಾಯಿತು. ರೈತರನ್ನು ಸಂಘಟಿಸಿದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದು ಮನೆಮಾತಾದರು, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಅವರ ಸಂಘಟನಾ ಸಾಮರ್ಥ್ಯ ದೊಡ್ಡದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಕೆಲಸವು ಒಬ್ಬರ ಆಜ್ಞೆಯಿಂದ ನಡೆಯುವಂಥದಲ್ಲ. ಊರೂರಿನಲ್ಲಿ ವಂತಿಗೆ ಎತ್ತುವವರು, ಅದರ ಲೆಕ್ಕ ಇಡುವವರು, ನಾಳೆ ಯಾವ ಊರಿನ ಪಾಳಿ ಎಂದು ನೆನಪಿಟ್ಟು ಜನರನ್ನು ಕರೆತರುವವರು, ಬಂದವರಿಗೆ ರೊಟ್ಟಿ ಬುತ್ತಿ ಕಟ್ಟುವವರು ಇಲ್ಲದೆ ನದಿಯ ನಡುವೆ ಕಲ್ಲು ನಿಲ್ಲದು. ಸಾರ್ವಜನಿಕ ನೆನಪು ಒಂದು ಹೆಸರನ್ನು ಉಳಿಸಿಕೊಂಡು ಉಳಿದ ನೂರಾರು ಸಣ್ಣ ನಾಯಕರನ್ನು ಮರೆಯುತ್ತದೆ, ಮತ್ತು ಮುಂದಿನ ತಲೆಮಾರು ನಾಯಕತ್ವವೆಂದರೆ ಆ ಒಂದು ಹೆಸರೇ ಎಂದು ತಿಳಿಯುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ನೀರಾವರಿಗಾಗಿ ಕೂಡಿದ ಯಾವ ಸಂಘದಲ್ಲಾದರೂ ಜಮೀನಿದ್ದವರೇ ಸದಸ್ಯರಾಗುವುದು ಸಹಜ, ಹಾಗಾದಾಗ ಆ ನೀರಿನಿಂದಲೇ ಬೆಳೆದ ಕಬ್ಬನ್ನು ಕಡಿಯುವ ಭೂಹೀನರ ಮಾತಿಗೆ ಸಭೆಯಲ್ಲಿ ಸ್ಥಾನವಿರುವುದಿಲ್ಲ. ಒಂದು ಹಂತದಲ್ಲಿ ಎಲ್ಲರನ್ನೂ ಒಳಗೊಂಡ ಸಂಘಟನೆಯೇ ಅದರ ಕೆಳಗಿನ ಹಂತದಲ್ಲಿ ಬಾಗಿಲು ಮುಚ್ಚಿಕೊಂಡಿರಬಲ್ಲದು. ಪ್ರತಿ ಹಂತಕ್ಕೂ ಹೊಸದಾಗಿ ಈ ಪ್ರಶ್ನೆಯನ್ನು ಕೇಳಬೇಕಾಗುವುದು ಈ ಕಾರಣದಿಂದ.

ಮಗ್ಗದ ಶೆಡ್ಡಿಗೆ ಮರಳುವುದಾದರೆ, ಅಲ್ಲಿ ಬದಲಾವಣೆಗೆ ಬೇಕಾದ ಸಾಮಗ್ರಿ ಹೆಚ್ಚಿನದೇನಲ್ಲ. ಬಟವಡೆಯ ಪುಸ್ತಕದಲ್ಲಿ ಕಂಡಿಕೆ ಸುತ್ತುವವರ ಹೆಸರು ಗಂಡನ ಅಥವಾ ನೇಕಾರನ ಹೆಸರಿನ ಕೆಳಗಲ್ಲ, ತನ್ನದೇ ಸಾಲಿನಲ್ಲಿ ಇರಬೇಕು. ಹೊಸ ನೂಲಿನ ಗಂಟು ಬಂದ ದಿನ ಅದರ ನಂಬರಿನ ಎದುರು, ಸುತ್ತುವಾಗ ಎಷ್ಟು ಸಲ ಹರಿಯಿತೆಂದು ಅವರು ಹೇಳಿದ್ದನ್ನು ಬರೆಯಲು ಒಂದು ಕಾಲಂ ಬೇಕು. ಆ ಅಂಕಿ ಮಿತಿ ಮೀರಿದರೆ ಆ ಗಂಟು ಮಗ್ಗಕ್ಕೆ ಹೋಗಕೂಡದೆಂಬ ಒಪ್ಪಂದವನ್ನು ಮಾಲೀಕನೂ ನೇಕಾರನೂ ಸುತ್ತುವವರೂ ಸೇರಿ ಮಾಡಿಕೊಂಡು, ಮೂವರೂ ಅದರ ಕೆಳಗೆ ರುಜು ಹಾಕಬೇಕು.